ಬೇಜಾರು ಬಂತು ಎಂಬ ಕಾರಣ

ಮನುಷ್ಯ ಕೆಲಸ ಬಿಡುವುದಕ್ಕೆ ಮದುವೆ, ಕಾಯಿಲೆ, ಜಗಳ, ನಿವೃತ್ತಿ, ಇವನ್ನು ಬಿಟ್ಟರೆ ಸಾವು, ಇಷ್ಟೇ ಕಾರಣ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ತಂದೆ ಸಿದ್ದಾಪುರದ ಒಂದೇ ಶಾಲೆಯಲ್ಲಿ, ಒಂದೇ ಕುರ್ಚಿಯ ಮೇಲೆ ಮೂವತ್ತು ವರ್ಷ ಗುಮಾಸ್ತರಾಗಿದ್ದರು. ಕೆಲಸ ಇಷ್ಟವೇ ಎಂದು ಅವರನ್ನು ನಾವು ಕೇಳಲಿಲ್ಲ. ಕುರ್ಚಿಯನ್ನೂ ಯಾರೂ ಕೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿಯಲ್ಲಿ ನನ್ನದೊಂದು ಪುಟ್ಟ ಮುದ್ರಣಾಲಯವಿತ್ತು. ಕಾನಸೂರಿನ ಶಾರದೆ ಹನ್ನೊಂದು ವರ್ಷದಿಂದ ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದಳು. ಅವಳ ಕೈಯಲ್ಲಿ ಒಂದು ಕೊಂಬೂ ತಪ್ಪಿದ್ದಿಲ್ಲ. ಒಮ್ಮೆ ನಾನು ಜೋಡಿಸಿದಾಗ ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ವರನ ತಂದೆಯ ಹೆಸರು ಬಂದು, ವರನ ತಾಯಿ ನೇರ ನನ್ನ ಅಂಗಡಿಗೇ ಬಂದಿದ್ದರು. ಹೀಗಿರುವಾಗ, ಮದುವೆಯ ಹಂಗಾಮು ಹತ್ತಿರ ಬಂದ ಹೊತ್ತಿಗೆ, ಶಾರದೆ ಕೈಯ ಮಸಿ ಒರೆಸಿಕೊಳ್ಳುತ್ತ ಬಂದು, "ಹೆಗಡೇರೇ, ಆನು ನಾಳೆಯಿಂದ ಬರ್ತ್ನಿಲ್ಲೆ" ಎಂದಳು.

ನನ್ನ ಕೈಯಲ್ಲಿದ್ದ ಚಹಾ ಪ್ರೂಫಿನ ಮೇಲೆ ಚೆಲ್ಲಿತು.

"ಎಂತಾ ಆತೇ? ಯಾರಾದ್ರೂ ಎಂತಾದ್ರೂ ಅಂದ್ವ?"

"ಇಲ್ಲೆ."

"ಸಂಬಳ ಸಾಲ್ತಿಲ್ಯ?"

"ಸಾಲ್ತು."

"ಮದುವೆ ಗಿದುವೆ?"

"ಅದೂ ಇಲ್ಲೆ. ಬೇಜಾರು ಬಂಜು. ಅದೇ ಗಣೇಶ ಪ್ರಸನ್ನ, ಅದೇ ಆಗಮನಾಭಿಲಾಷಿಗಳು. ಇನ್ನು ಜೇನು ಸಾಕ್ತೆ."

"ಜೇನು ಕಚ್ತು ಮಾರಾಯ್ತಿ!"

"ಕಚ್ಲಿ. ದಿನಾ ಹೊಸ ಜಾಗಕ್ಕೆ ಕಚ್ತು."

ನಾನು ಕುರ್ಚಿ ಹುಡುಕಿಕೊಂಡು ಕೂತೆ. ಬೇಜಾರು ನನಗೂ ಗೊತ್ತು. ನೆಗಡಿಯ ಹಾಗೆ ಬರುತ್ತದೆ, ಹೋಗುತ್ತದೆ. ಅದನ್ನೇ ಕಾರಣವೆಂದು ಮುಖಕ್ಕೆ ಮುಖ ಕೊಟ್ಟು ಹೇಳಬಹುದು ಎಂದು ಮಾತ್ರ ಯಾರೂ ಕಲಿಸಿರಲಿಲ್ಲ.

ಎರಡು ದಿನ ಒಬ್ಬನೇ ಮೊಳೆ ಜೋಡಿಸಿ, ಮೂರನೆಯ ದಿನ ಬೀಗ ಹಾಕಿ, ಅವಳನ್ನು ಕರೆತರಲು ಕಾನಸೂರಿನ ಬಸ್ಸು ಹತ್ತಿದೆ. ಹೇಳಬೇಕಾದ್ದನ್ನೆಲ್ಲ ದಾರಿಯಲ್ಲೇ ಸಿದ್ಧಪಡಿಸಿಕೊಂಡೆ: ಹಂಗಾಮು, ಹನ್ನೊಂದು ವರ್ಷದ ಋಣ, ಬೇಕಾದರೆ ಸ್ವಲ್ಪ ಕಣ್ಣೀರು. ಶಾರದೆ ಹಿತ್ತಲಿನಲ್ಲಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ಮಾತಾಡಡಿ, ಸುಮ್ಮಂಗೆ ನೋಡಿ" ಎಂದು ಜೇನುಪೆಟ್ಟಿಗೆಯ ಮುಚ್ಚಳ ಎತ್ತಿದಳು. ಸಾವಿರಾರು ಹುಳ ಒಂದರ ಮೇಲೊಂದು ಹರಿದಾಡುತ್ತಿದ್ದವು. ರಾಣಿಯನ್ನು ತೋರಿಸಿದಳು. ಯಾವ ಹೂವಿಗೆ ಹೋಗುತ್ತವೆ, ಎಷ್ಟು ದೂರ ಹೋಗುತ್ತವೆ ಎಂದು ಕೇಳುತ್ತಾ ನಿಂತೆ. ಒಂದು ಹುಳ ಕಿವಿಗೆ ಕಚ್ಚಿತು, ಇನ್ನೊಂದು ಹೆಬ್ಬೆರಳಿಗೆ. ಸಂಜೆಯ ಬಸ್ಸಿಗೆ ಮನೆ ಸೇರಿದೆ.

"ಮದುವೆಮನೆಯವ್ವು ಮೂರು ಸಲ ಬಂದು ಹೋದ್ವು" ಎಂದಳು ಹೆಂಡತಿ. "ಶಾರದೆ ವಾಪಸ್ ಬರ್ತಡಾ?"

ಊದಿದ ಕಿವಿ ಹಿಡಿದುಕೊಂಡು ನಿಂತೆ. ಕೇಳುವುದನ್ನೇ ಮರೆತಿದ್ದೆ.

"ನಾಳೆ ಮತ್ತೊಂದು ಸಲ ಹೋಗಿ ಬರ್ತೆ" ಎಂದೆ. ನನ್ನ ದನಿಯಲ್ಲಿದ್ದ ಉತ್ಸಾಹ ಕೇಳಿ ಬೆಚ್ಚಿಬಿದ್ದವನು ನಾನೇ.