ಲೋಟದ ಮೇಲಿನ ಹೆಬ್ಬೆರಳು

ಒಂಬತ್ತು ವರ್ಷಗಳ ಹಿಂದೆ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ಅವಳ ಕೆಲಸದ ಕೋಣೆಗೆ ಮೊದಲ ಸಲ ಬಂದ. ಅವಳದು ಮಣ್ಣಿನ ಪಾತ್ರೆ ಮಾಡುವ ಕೆಲಸ, ಅವನದು ವೈರಿಂಗ್ ಕೆಲಸ. ಪಾತ್ರೆ ಸುಡುವ ಅವಳ ಕರೆಂಟ್ ಭಟ್ಟಿ ಎರಡು ದಿನದಿಂದ ಬಿಸಿಯಾಗುತ್ತಿರಲಿಲ್ಲ. ಅವನ ಹೆಗಲಿಗೆ ನೀಲಿ ಚೀಲ, ಅಂಗಿಯ ಜೇಬಿನಲ್ಲಿ ಟೆಸ್ಟರ್. ಭಟ್ಟಿಯ ಹಿಂದೆ ಕೂತು, ಒಂದೊಂದು ತಂತಿಗೂ ಮೂರು ಮೂರು ಸಲ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ಮುಟ್ಟಿದ. ಆಮೇಲೆ ಎದ್ದು ನಿಂತು, ಯಾವ ಟೆಸ್ಟರನ್ನೂ ಇಡದೆ, ಹಲಗೆಯ ಮೇಲೆ ಒಣಗುತ್ತಿದ್ದ ಜಗ್ಗೊಂದನ್ನು ಹಿಡಿಯಿಂದ ಎತ್ತಿದ. ಹಿಡಿ ಕೈಯಲ್ಲಿ ಉಳಿಯಿತು, ಜಗ್ಗು ನೆಲಕ್ಕೆ ಬಿತ್ತು.

"ಇದು ಮೊದಲೇ ಸಡಿಲ ಇತ್ತು" ಎಂದ ಅವನು.

"ಅದು ಹಸಿ ಇತ್ತು" ಎಂದಳು ಅವಳು.

ಅವರಿಬ್ಬರ ಮೊದಲ ಮಾತು ಅದೇ. ಮರುವರ್ಷ ಮದುವೆಯಾಯಿತು. ಮಾತು ಇನ್ನೂ ಮುಗಿದಿಲ್ಲ.

ಈ ಶನಿವಾರ ಮಧ್ಯಾಹ್ನ ಅವಳು ಕೋಣೆಯ ಒಳಗಿದ್ದಳು, ಅವನು ಬಾಗಿಲ ಹೊರಗಿದ್ದ. ನಡುವೆ ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ. ಪಡಸಾಲೆಯ ಬೆಂಚಿನ ಮೇಲೆ ಅವನ ತಾಯಿ ಒಣಗಿದ ಬಟ್ಟೆ ಮಡಿಸುತ್ತಿದ್ದರು.

ಹೆಂಡತಿ: ಒಪ್ಪಿಕೊಂಡುಬಿಡಿ ಅಂದೆ. ಬೈಯೋದಿಲ್ಲ.

ಗಂಡ: ಮೂರು ತಿಂಗಳಿಂದ ಇದೇ ಕಥೆ. ನಾನು ಆ ಲೋಟ ಮುಟ್ಟಿಲ್ಲ.

ಹೆಂಡತಿ: ಈ ಮನೇಲಿ ಹಸಿ ಪಾತ್ರೆ ಕಂಡ್ರೆ ಕೈ ತುರಿಸೋದು ಯಾರಿಗೆ?

ಗಂಡ: ತುರಿಸಿದ್ದು ನಿಜ. ಮುಟ್ಟಿದ್ದು ಸುಳ್ಳು. ಮುಟ್ಟದೇ ಇದ್ದಿದ್ದಕ್ಕೆ ಈ ಗೆರೆ ಬೇರೆ. ನನ್ನ ಸ್ಕ್ರೂಡ್ರೈವರ್ ಒಳಗಿದ್ರೂ ಹೊರಗೆ ನಿಂತು, "ಅಮ್ಮಾ ತಾಯೀ, ದಯವಿಟ್ಟು ಅದನ್ನ ಕೊಡ್ತೀರಾ" ಅಂತ ನಿನ್ನ ಕೇಳ್ಕೊಂಡು ಬದುಕ್ತಿದೀನಿ.

ಹೆಂಡತಿ: ರೀ, ಆಗ ಬೈಯೋಕೆ ಕೇಳಿದ್ದೆ. ಈಗ ಬೇಕಾಗಿ ಕೇಳ್ತಿದೀನಿ.

ಬೇಕಾದದ್ದಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ ಹಲಗೆಯ ಮೇಲೆ ಆರುತ್ತಿದ್ದ ಹಿಡಿಯಿಲ್ಲದ ಲೋಟವೊಂದರ ಹೊಟ್ಟೆಯಲ್ಲಿ ಯಾರದೋ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಅವಳು ಮನೆಯೆಲ್ಲ ಕೇಳುವ ಹಾಗೆ ಕೂಗಾಡಿ, ಗೆರೆ ಎಳೆದು, ಅಷ್ಟು ಮಾಡಿದ ಮೇಲೂ ಲೋಟವನ್ನು ಬಿಸಾಡಲು ಮನಸ್ಸಾಗದೆ ನೀಲಿ ಹೊಳಪು ಕೊಟ್ಟು ಸುಟ್ಟಿದ್ದಳು. ಅಂದಿನಿಂದ ಅದು ಅಡುಗೆಮನೆಯಲ್ಲಿತ್ತು. ಕಳೆದ ತಿಂಗಳು ಕೈಯಿಂದ ಮಾಡಿದ ಪಾತ್ರೆಗಳ ಪ್ರದರ್ಶನ ನಡೆಸುವ ಮಹಿಳೆಯೊಬ್ಬರು ಅವಳ ದೊಡ್ಡ ಹೂದಾನಿಗಳನ್ನು ನೋಡಲು ಬಂದರು. ಹೂದಾನಿಗಳತ್ತ ಒಂದು ಸಲ ಕಣ್ಣು ಹಾಯಿಸಿ, ಕಾಫಿ ಕೊಟ್ಟ ಆ ನೀಲಿ ಲೋಟವನ್ನು ಹೊರಡುವ ತನಕ ಕೆಳಗಿಡಲೇ ಇಲ್ಲ. ಇಂಥವೇ ಹನ್ನೆರಡು ಬೇಕು ಎಂದರು. ಅವಳ ಕೆಲಸ ಪ್ರದರ್ಶನಕ್ಕೆ ಹೋಗುವುದು ಇದೇ ಮೊದಲು. ಅವಳು ತನ್ನದೇ ಹೆಬ್ಬೆರಳೊತ್ತಿ ಹತ್ತೊಂಬತ್ತು ಲೋಟ ಮಾಡಿದಳು. ಹತ್ತೊಂಬತ್ತೂ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡ ಹಾಗೆ ಕಾಣುತ್ತಿದ್ದವು. ಈಗ ಒದ್ದೆ ಬಟ್ಟೆಯ ಕೆಳಗೆ ಹೊಸ ಲೋಟಗಳಿದ್ದವು. ಸಂಜೆಯೊಳಗೆ ಗುಳಿ ಒತ್ತದಿದ್ದರೆ ಮಣ್ಣು ಗಟ್ಟಿಯಾಗಿ, ಆಮೇಲೆ ಒತ್ತಿದರೆ ಬಿರುಕು ಬಿಡುತ್ತದೆ. ಮತ್ತೊಮ್ಮೆ ಮಾಡಿ, ಒಣಗಿಸಿ, ಸುಡುವಷ್ಟು ದಿನ ಉಳಿದಿರಲಿಲ್ಲ.

ಗಂಡ: ಅಂದ್ರೆ ಈಗ ನಾನು ಬೇಕು.

ಹೆಂಡತಿ: ನಿಮ್ಮ ಹೆಬ್ಬೆರಳು ಬೇಕು. ಉಳಿದದ್ದು ಗೆರೆಯಿಂದ ಆಚೆಗೇ ಇರ್ಲಿ.

ಗಂಡ: ಸಾಧ್ಯ ಇಲ್ಲ. ನಾನು ಬಡವನಾದ್ರೂ ಸುಳ್ಳು ಹೇಳೋನಲ್ಲ.

ಹೆಂಡತಿ: ಸರಿ ಬಿಡಿ. (ಮೇಜಿನ ಮೇಲಿದ್ದ ಕಾಗದ ತೆಗೆದು) ಪ್ರದರ್ಶನದವರು ಈ ಫಾರಂ ಕಳಿಸಿದಾರೆ. ಲೋಟದ ಪಕ್ಕ ದೊಡ್ಡದಾಗಿ ಅಚ್ಚು ಹಾಕಿಸಿ ಇಡ್ತಾರಂತೆ. "ಕೃತಿಯಲ್ಲಿ ಕೈಜೋಡಿಸಿದವರ ಹೆಸರು." ಇಲ್ಲಿ "ಯಾರೂ ಇಲ್ಲ" ಅಂತ ಬರೀತೀನಿ.

ಅವನು ಕೆಮ್ಮಿದ. ಅಂಗಿಯ ಕಾಲರ್ ಸರಿಮಾಡಿಕೊಂಡ.

ಗಂಡ: ದೊಡ್ಡದಾಗಿ ಅಂದ್ರೆ ಎಷ್ಟು ದೊಡ್ಡದು?

ಹೆಂಡತಿ: ದೂರದಿಂದ ಕಾಣೋ ಅಷ್ಟು.

ಗಂಡ: ನೋಡು, ಮುಟ್ಟಿಲ್ಲ ಅಂದ್ರೆ ಪೂರ್ತಿ ಮುಟ್ಟಿಲ್ಲ ಅಂತಲ್ಲ.

ಹೆಂಡತಿ: ಮತ್ತೆ?

ಗಂಡ: ಮುಟ್ಟಿದೆ. ನಾನೇ. ಅವತ್ತು ಏನೋ ಒಂಥರಾ ಆಯ್ತು. ಎದೆಯೊಳಗೆ ಸಮುದ್ರ ಉಕ್ಕಿದ ಹಾಗೆ.

ಹೆಂಡತಿ: ನೀವು ಸಮುದ್ರ ನೋಡೇ ಇಲ್ಲ.

ಗಂಡ: ಕ್ಯಾಲೆಂಡರಲ್ಲಿ ನೋಡಿದೀನಿ. ಜೂನ್ ತಿಂಗಳು ಪೂರ್ತಿ ನೋಡಿದೀನಿ.

ಹೆಂಡತಿ: ಯಾವ ಕೈಯಲ್ಲಿ ಒತ್ತಿದ್ರಿ?

ಗಂಡ: ಎಡಗೈ. ಬಲಗೈಯಲ್ಲಿ ಟೆಸ್ಟರ್ ಇತ್ತು.

ಹೆಂಡತಿ: ಗುಳಿ ಬಲಗೈದು.

ಗಂಡ: ಆಮೇಲೆ ಟೆಸ್ಟರನ್ನ ಈ ಕಡೆ ತಗೊಂಡೆ. ಎಲ್ಲಾ ಈಗಲೇ ಹೇಳಿಬಿಡಬೇಕಾ? ಬಾ, ಬಾ, ಮಣ್ಣು ಒಣಗುತ್ತೆ.

ಮೂರು ತಿಂಗಳ ಮೇಲೆ ಅವನು ಗೆರೆ ದಾಟಿದ. ಮದುವೆಯ ದಿನವೂ ಇಷ್ಟು ಗಂಭೀರವಾಗಿ ಹೆಜ್ಜೆ ಇಟ್ಟಿರಲಿಲ್ಲ. ಅವಳು ಬಟ್ಟೆ ಸರಿಸಿ ಒಂದು ಲೋಟ ಮುಂದಿಟ್ಟಳು. ಅವನು ಕಣ್ಣು ಮುಚ್ಚಿ, ಜೂನ್ ತಿಂಗಳನ್ನು ನೆನೆದು, ಒತ್ತಿದ. ಹೆಬ್ಬೆರಳು ಆ ಕಡೆಯಿಂದ ಹೊರಗೆ ಬಂತು.

ಗಂಡ: ಇದು ಮೊದಲೇ ಸಡಿಲ...

ಹೆಂಡತಿ: ಇರುತ್ತೆ ಅಂತ ಗೊತ್ತಿತ್ತು. ಅದಕ್ಕೇ ಹದಿಮೂರು ಮಾಡಿದ್ದೆ. ನಿಮ್ಮ ಪಾಲಿಂದು ಒಂದು ಹೆಚ್ಚಿಗೆ. ನಡೀರಿ ಹೊರಗೆ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಬೈಗುಳಕ್ಕೆ ಸಿದ್ಧನಾಗಿದ್ದ ಅವನು ಹೆಬ್ಬೆರಳ ಮಣ್ಣನ್ನು ಅಂಗಿಗೆ ಒರೆಸಿಕೊಂಡು ಗೆರೆಯ ಆಚೆಗೆ ಹೋಗಿ ನಿಂತ. ಅಷ್ಟರಲ್ಲಿ ಪಡಸಾಲೆಯಿಂದ ಮಾತು ಬಂತು.

ಅತ್ತೆ: ಅವನಿಗೆ ಹೇಗಮ್ಮಾ ಬರುತ್ತೆ? ಅದು ನಾನು ಒತ್ತಿದ್ದು.

ಗಂಡ: ಅಮ್ಮಾ!

ಅತ್ತೆ: ಏನೋ?

ಗಂಡ: ಮೂರು ತಿಂಗಳು ನಾನು ಬೈಸಿಕೊಳ್ತಾ ಇದ್ದೆ. ನೀನು ಪಕ್ಕದಲ್ಲೇ ಕೂತು ಬಟ್ಟೆ ಮಡಿಸ್ತಾ ಇದ್ದೆ!

ಅತ್ತೆ: ನನ್ನನ್ನ ಯಾರೂ ಕೇಳಲಿಲ್ಲಪ್ಪ. ಇವಳು ಸಿಟ್ಟಾಗಿದ್ದು ನೋಡಿ ಬಾಯಿಗೆ ಬಂದದ್ದು ಒಳಗೇ ಹೋಯ್ತು. ನೀನು ಒಡೆದದ್ದು ಅಷ್ಟಿದೆ, ಅದರಲ್ಲಿ ಇದೊಂದೂ ಸೇರಿಕೊಂಡಿತು. ನಿನಗೇನು ಭಾರ?

ಹೆಂಡತಿ: ಹೋಗ್ಲಿ ಬಿಡಿ ಅತ್ತೆ. ನಾನು ಹತ್ತೊಂಬತ್ತು ಲೋಟ ಹಾಳು ಮಾಡಿದೆನಲ್ಲ, ಆಗಲಾದ್ರೂ ಹೇಳಬಾರದಿತ್ತಾ?

ಅತ್ತೆ: ಹಾಳಾಗಿದ್ದು ಅಂತ ನನಗೇನು ಗೊತ್ತು? ಹೊಸ ಥರ ಮಾಡ್ತಿದೀಯ ಅಂದ್ಕೊಂಡೆ. ಯಾಕಮ್ಮ ಹಾಗೆ ಗುದ್ದಿದ್ದೆ ಅವನ್ನ?

ಹೆಂಡತಿ: ನಿಮ್ಮ ಮಗ ನೋಡದೆ ಒತ್ತಿದಾರೆ ಅಂದ್ಕೊಂಡಿದ್ದೆ. ಅವರ ಥರ ಒತ್ತಬೇಕಲ್ಲ ಅಂತ, ಬೇರೆ ಏನನ್ನೋ ಯೋಚನೆ ಮಾಡ್ತಾ, ಆ ಕಡೆ ತಿರುಗಿಕೊಂಡು, ಹತ್ತೊಂಬತ್ತು ಸಲ ಒತ್ತಿದೆ.

ಗಂಡ: ಅದು ಕಲಿತು ಬರೋದಲ್ಲ. ಹುಟ್ಟಿನಿಂದ ಬರಬೇಕು.

ಇಬ್ಬರೂ ಅವನ ಕಡೆ ನೋಡಲಿಲ್ಲ.

ಹೆಂಡತಿ: ನೀವು ಯಾಕೆ ಒತ್ತಿದ್ರಿ ಅತ್ತೆ?

ಅತ್ತೆ ಬಲಗೈ ಎತ್ತಿ ತೋರಿಸಿದರು. ಹೆಬ್ಬೆರಳು ಗಿಣ್ಣಿನ ಹತ್ತಿರ ಊದಿ, ಮಡಿಸಲಾಗದೆ ನೆಟ್ಟಗೆ ನಿಂತಿತ್ತು.

ಅತ್ತೆ: ಇದು ಬಗ್ಗೋದಿಲ್ಲ. ನಿನ್ನ ಲೋಟಗಳು ಚೆಂದ ಇವೆ ಕಣಮ್ಮ, ಆದ್ರೆ ನುಣುಪು. ಜಾರುತ್ತವೆ. ಎರಡೂ ಕೈಯಲ್ಲಿ ಹಿಡಿದು ಕುಡೀಬೇಕು, ಪುಟ್ಟ ಮಕ್ಕಳ ಹಾಗೆ. ನಾಲ್ಕು ಜನರ ಎದುರಿಗೆ ಅದು ಚೆನ್ನಾಗಿರುತ್ತಾ? ಅದಕ್ಕೇ ಮನೆಗೆ ಯಾರಾದ್ರೂ ಬಂದಾಗ ಕಾಫಿ ಬೇಡ ಅಂತಿದ್ದೆ.

ಹೆಂಡತಿ: ನಾನು... ನಿಮಗೆ ಕಾಫಿ ಅಷ್ಟಾಗಿ ಸೇರಲ್ಲ ಅಂದ್ಕೊಂಡಿದ್ದೆ.

ಅತ್ತೆ: ಕಾಫಿ ಸೇರದೇ ಇರೋರು ಇದಾರಾ? ಅವತ್ತು ನೀವಿಬ್ಬರೂ ಮೀಟರ್ ಹತ್ರ ಫ್ಯೂಸ್ ವಿಷಯಕ್ಕೆ ಜಗಳ ಆಡ್ತಿದ್ರಿ. ಲೋಟ ಇನ್ನೂ ಮೆತ್ತಗಿತ್ತು. ಈ ಬೆರಳಿಗೊಂದು ಜಾಗ ಮಾಡಿಕೊಂಡೆ.

ಹೆಂಡತಿ ಓಡಿ ಅಡುಗೆಮನೆಯಿಂದ ನೀಲಿ ಲೋಟ ತಂದಳು. ಅತ್ತೆ ಹಿಡಿದರು. ನೆಟ್ಟಗಿನ ಹೆಬ್ಬೆರಳು ಗುಳಿಯಲ್ಲಿ ಅಳತೆ ತೆಗೆದಂತೆ ಕೂತಿತು. ಅವಳು ಬಗ್ಗಿ ನೋಡಿದಳು, ಲೋಟ ತಿರುಗಿಸಿ ನೋಡಿದಳು.

ಹೆಂಡತಿ: ಇದು ಆಗೋಕೆ ಸಾಧ್ಯ ಇಲ್ಲವಲ್ಲ. ಮಣ್ಣು ಸುಟ್ಟ ಮೇಲೆ ಕುಗ್ಗುತ್ತೆ. ನಿಮ್ಮ ಬೆರಳಿನ ಅಚ್ಚೇ ಆಗಿದ್ರೆ ಈಗ ಬಿಗಿಯಾಗಬೇಕಿತ್ತು.

ಅತ್ತೆ: ಅದನ್ನ ದಿನಾ ಫೋನಲ್ಲಿ ಯಾರ್ಯಾರಿಗೋ ಹೇಳ್ತಿರ್ತೀಯಲ್ಲ. ಒಳಗೆ ಹೋದಾಗ ಇಷ್ಟಿದ್ದದ್ದು ಹೊರಗೆ ಬಂದಾಗ ಇಷ್ಟೇ ಆಗುತ್ತೆ, ಮೊದಲೇ ಹೇಳಿದೀನಿ, ಆಮೇಲೆ ಚಿಕ್ಕದಾಯ್ತು ಅನ್ನಬೇಡಿ ಅಂತ. ನನಗೂ ಕಿವಿ ಇದೆ. ಅದಕ್ಕೇ ಒತ್ತಿ, ಬೆರಳನ್ನ ಆ ಕಡೆ ಈ ಕಡೆ ಸ್ವಲ್ಪ ಆಡಿಸಿದೆ.

ಹೆಂಡತಿ ಒದ್ದೆ ಬಟ್ಟೆ ಎತ್ತಿ ಉಳಿದ ಲೋಟಗಳನ್ನು ಮುಟ್ಟಿ ನೋಡಿದಳು. ಭಟ್ಟಿಯ ಪಕ್ಕದ ಗೋಡೆಗಡಿಯಾರದಲ್ಲಿ ನಾಲ್ಕು ಗಂಟೆಯಾಗಿತ್ತು.

ಅತ್ತೆ: ತಪ್ಪಾಯ್ತೇನಮ್ಮ?

ಹೆಂಡತಿ: ಅತ್ತೆ, ಕೈ ತೊಳ್ಕೊಂಡು ಬನ್ನಿ.

ಅತ್ತೆ ಕೈ ತೊಳೆದು ಬಂದವರು ಬಾಗಿಲಲ್ಲಿ ನಿಂತರು.

ಅತ್ತೆ: ಗೆರೆ ಇದೆಯಲ್ಲ?

ಹೆಂಡತಿ: ಅದು ನಿಮಗಲ್ಲ.

ಅತ್ತೆ ಸ್ಟೂಲಿನ ಮೇಲೆ ಕೂತು, ಎಡಗೈಯ ಎರಡು ಬೆರಳನ್ನು ಲೋಟದ ಒಳಗಿಟ್ಟು ಆನಿಸಿಕೊಂಡು, ಒದ್ದೆ ಮಾಡಿದ ಹೆಬ್ಬೆರಳನ್ನು ಹೊರಗಿನಿಂದ ಮೆಲ್ಲಗೆ ಒತ್ತಿದರು. ಒಳಗೆ ಹಾಗೆ ಬೆರಳು ಆನಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಐದೂವರೆಯ ಹೊತ್ತಿಗೆ ಹನ್ನೆರಡೂ ಮುಗಿದವು. ಒಂದೂ ಬಿರಿಯಲಿಲ್ಲ. ಹೆಂಡತಿ ಫಾರಂ ಎಳೆದುಕೊಂಡು, ಕೈಜೋಡಿಸಿದವರ ಜಾಗದಲ್ಲಿ ಅತ್ತೆಯ ಹೆಸರು ತುಂಬಿ, "ಸ್ಫೂರ್ತಿ, ಐವತ್ತು ಪದ ಮೀರದಂತೆ" ಎಂಬಲ್ಲಿ ಬರೆದಳು. ಗೆರೆಯ ಆಚೆಯಿಂದ ಗಂಡ ಕತ್ತು ಚಾಚಿ ಓದಿದ.

ಗಂಡ: "ಮನೆಯಲ್ಲಿ ಒಬ್ಬರು ಕಾಫಿ ಬೇಡ ಅನ್ನುತ್ತಿದ್ದರು." ಇಷ್ಟೇನಾ? ಐದೇ ಪದ ಆಯ್ತು.

ಹೆಂಡತಿ: ಸಾಕು.

ಗಂಡ: ಇನ್ನೂ ನಲವತ್ತೈದು ಖಾಲಿ ಇವೆ. ಅದರಲ್ಲಿ ಎಲ್ಲಾದ್ರೂ ನಾನು ಬರಬಹುದಲ್ಲ? ಬೈಸಿಕೊಂಡೋನು ಅಂತಾದ್ರೂ?

ಅತ್ತೆ: ಬರಿಯಮ್ಮ, ಪಾಪ. ಅವನು ಫ್ಯೂಸ್ ಸುಟ್ಟಿದ್ದರಿಂದ ತಾನೆ ನನಗೆ ಅಷ್ಟು ಹೊತ್ತು ಸಿಕ್ಕಿದ್ದು?

ಲೋಟಗಳು ಪ್ರದರ್ಶನಕ್ಕೆ ಹೋದವು. ಈಗ ಮಂಗಳವಾರ ಮತ್ತು ಶುಕ್ರವಾರ ಅತ್ತೆ ಆ ಕೋಣೆಯಲ್ಲಿ ಕೂತು ಲೋಟಗಳಿಗೆ ಹೆಬ್ಬೆರಳು ಒತ್ತುತ್ತಾರೆ. ಮಗ ತಿಂಗಳಿಗೊಮ್ಮೆ ಭಟ್ಟಿಯ ತಂತಿ ನೋಡಲು ಒಳಗೆ ಬರುತ್ತಾನೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು.