ಶಿರಸ್ತೇದಾರರ ಹಿತ್ತಿಲಿಗೆ ಊರು ಬಂದದ್ದು

ಹಿತ್ತಿಲಲ್ಲಿ ಗುಲಾಬಿ ಅರಳುತ್ತದೆ, ಅದನ್ನು ನೋಡಿ ‘ಆಹಾ’ ಎನ್ನಲು ಒಂದು ನರಪಿಳ್ಳೆಯೂ ಇಲ್ಲ ಎಂದರೆ ಬೆಳೆಸಿದವನ ಹೊಟ್ಟೆ ಉರಿಯುವುದಿಲ್ಲವೇ? ಅರಸೀಕೆರೆ ತಾಲ್ಲೂಕು ಕಚೇರಿಯ ಶಿರಸ್ತೇದಾರ್ ಸುಬ್ಬರಾಮಯ್ಯನವರ ಹೊಟ್ಟೆ ಉರಿಯುತ್ತಿತ್ತು. ಊರಿನವರು ಕೊಬ್ಬರಿಯ ಧಾರಣೆ ಮಾತಾಡುತ್ತಿದ್ದರು, ಬಾರದ ಮಳೆಯ ವಿಷಯ ಮಾತಾಡುತ್ತಿದ್ದರು. ಗುಲಾಬಿಯ ಮಾತೆತ್ತಿದರೆ ಮಾತ್ರ, “ಆ ಜಾಗದಾಗೆ ಎರಡು ತೆಂಗಿನ ಸಸಿ ಇಕ್ಕಿದ್ರೆ ಇಷ್ಟೊತ್ತಿಗೆ ಕಾಯಿ ಬಿಡ್ತಿದ್ವಲ್ಲ ಸ್ವಾಮೀ” ಎನ್ನುತ್ತಿದ್ದರು.

ಅದು ಉಗಿಬಂಡಿಯ ಕಾಲ. ಸ್ಟೇಷನ್ನಿನಲ್ಲಿ ಎಂಜಿನ್ನು ಸಿಳ್ಳೆ ಹಾಕಿದರೆ ಬೀದಿಯ ಹೆಂಗಸರು ಎಸರಿಡುತ್ತಿದ್ದರು. ಗಡಿಯಾರವಿದ್ದ ಮನೆಯವರೂ ಸಿಳ್ಳೆಯನ್ನೇ ನಂಬುತ್ತಿದ್ದರು. ಆ ಬೀದಿಯ ಧೂಳು, ಜಟಕಾಗಳ ಸದ್ದು ಎಲ್ಲವನ್ನೂ ದಾಟಿ, ಸುಬ್ಬರಾಮಯ್ಯನವರ ನಡುಮನೆ, ಅಡುಗೆಮನೆಗಳನ್ನೂ ದಾಟಿ ಹೋದರೆ ಹಿತ್ತಿಲು. ನಾಲ್ಕು ಚಾಪೆ ಹಾಸಿದರೆ ಮುಗಿಯುವಷ್ಟು ಜಾಗ. ಒಂದು ಬಾವಿ, ಒಂದು ಕಲ್ಲುಬೆಂಚು, ಸುತ್ತ ಗುಲಾಬಿ, ಡೇರೆ, ಬೇಲಿಗೆ ಹಬ್ಬಿದ ಜಾಜಿ. ಅಲ್ಲಿ ಕೂತರೆ ಊರಿದೆ ಎಂಬುದೇ ಮರೆತುಹೋಗುತ್ತಿತ್ತು. ಈಗ ನೆನೆದರೂ ಜೀವ ತಂಪಾಗುತ್ತದೆ.

ಆ ಪುಟ್ಟ ಸಾಮ್ರಾಜ್ಯಕ್ಕೆ ಒಂದೇ ಕಾನೂನು: ಹೂ ಮುಟ್ಟಬಾರದು. ದೇವರಿಗೂ ವಿನಾಯಿತಿ ಇರಲಿಲ್ಲ. ಪೂಜೆಗೆ ಬೇಕಾದ ಹೂವನ್ನೂ, ಹೆಂಡತಿ ಚೆಲುವಾಂಬ ಮುಡಿಯುವ ಮೊಳ ಮಲ್ಲಿಗೆಯನ್ನೂ ಬೀದಿಯಲ್ಲಿ ಹೂ ಮಾರುವ ರಂಗಮ್ಮನಿಂದಲೇ ಕೊಳ್ಳಬೇಕು. (ದೇವರು ಸುಮ್ಮನಿದ್ದ. ಹೆಂಡತಿಯೂ ಸುಮ್ಮನಿದ್ದಳು. ಇಬ್ಬರಿಗೂ ಒಪ್ಪಿಗೆಯಿದೆ ಎಂದು ಸುಬ್ಬರಾಮಯ್ಯನವರು ತಿಳಿದಿದ್ದರು.)

ಹೀಗಿರಲು ಒಂದು ದಿನ ಅವರಿಗೆ ಜ್ಞಾನೋದಯವಾಯಿತು.

“ನೋಡೇ, ಬೇಲೂರು, ಹಳೇಬೀಡಿಗೆ ಹೋಗೋ ಜನ ಎಲ್ಲ ಇಲ್ಲೇ ರೈಲು ಇಳಿದು ಬಸ್ಸಿಗೆ ಕಾಯ್ತಾರೆ. ಕಲ್ಲಲ್ಲಿ ಕೆತ್ತಿದ ಹೂ ನೋಡೋಕೆ ಅಷ್ಟು ದೂರದಿಂದ ಬರೋವ್ರು, ನಿಜವಾದ ಹೂ ನೋಡೋಕೆ ಎರಡು ಹೆಜ್ಜೆ ಬರೋಲ್ವೇ? ಈ ಭಾನುವಾರದಿಂದ ನಮ್ಮ ತೋಟ ಸಾರ್ವಜನಿಕರಿಗೆ ತೆರೆದಿರುತ್ತೆ!”

“ಸಾರ್ವಜನಿಕರು ತೋಟಕ್ಕೆ ಹೇಗೆ ಹೋಗ್ತಾರೆ? ಬಾವಿಯಿಂದ ಎದ್ದು ಬರ್ತಾರೋ?” ಎಂದರು ಚೆಲುವಾಂಬ.

“ಅಡುಗೆಮನೆ ಮೇಲೆ ಹೋಗ್ತಾರೆ. ಅದಕ್ಕೇನೀಗ?”

“ಏನಿಲ್ಲ. ಒಲೆ ಮೇಲೆ ಕಾಲಿಡದಿದ್ದರೆ ಆಯ್ತು.”

ಅಂದೇ ಬೀದಿಗೆಲ್ಲ ಸಾರಿಬಂದರು. ಈ ಅವಸರಕ್ಕೆ ಕಾರಣವಿತ್ತು. ಮೈಸೂರಿನಲ್ಲಿ ದೊಡ್ಡ ತೋಟವೊಂದರ ಮೇಲ್ವಿಚಾರಕರಾಗಿದ್ದ ನಂಜುಂಡಯ್ಯನವರು ಅದೇ ಭಾನುವಾರ ಹೆಂಡತಿ ಸಮೇತ ಹಳೇಬೀಡಿಗೆ ಹೊರಟಿದ್ದರು. ಬಸ್ಸಿಗೆ ಮುಂಚೆ ಮನೆಗೆ ಬರಲು ಒಪ್ಪಿದ್ದರು. ಗುಲಾಬಿ ಎಂದರೆ ಏನೆಂದು ಬಲ್ಲ ಒಬ್ಬ ಮನುಷ್ಯ ತನ್ನ ಗಿಡದ ಮುಂದೆ ನಿಂತು ಒಂದು ಸಲ ತಲೆದೂಗಬೇಕು: ಸುಬ್ಬರಾಮಯ್ಯನವರ ಜನ್ಮದ ಆಸೆ ಅಷ್ಟೇ. ಭಾನುವಾರ ಬೆಳಗ್ಗೆ ಕೋಟು, ಪೇಟ ಧರಿಸಿ ಸ್ಟೇಷನ್ನಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಆಜ್ಞಾಪಿಸಿದರು: “ಬಂದವರನ್ನ ಮರ್ಯಾದೆಯಿಂದ ನೋಡ್ಕೋ. ಶಿರಸ್ತೇದಾರರ ಮನೇಲಿ ಬರಿಗೈಲಿ ಕಳಿಸಿದ್ರು ಅನ್ನೋ ಮಾತು ಬರಬಾರದು.”

“ಆಗಲಿ” ಎಂದರು ಚೆಲುವಾಂಬ.

ರೈಲು ತಡವಾಗಿ ಬಂತು. ಬಿಳಿ ಮೀಸೆಯ ನಂಜುಂಡಯ್ಯನವರನ್ನೂ ಅವರ ಪತ್ನಿ ಕಾಂತಮ್ಮನವರನ್ನೂ ಕರೆದುಕೊಂಡು ಸುಬ್ಬರಾಮಯ್ಯನವರು ಬೀದಿ ಹಿಡಿದರು. ಎದುರಿಗೆ ಕೊಬ್ಬರಿ ಮಂಡಿಯ ಯಜಮಾನರ ಹೆಂಡತಿ ಶಿವಗಂಗಮ್ಮ ನಗುನಗುತ್ತ ಬಂದರು.

“ಸ್ವಾಮೇರೇ, ನಿಮ್ಮ ತೋಟ ಬಲು ಚೆಂದಾಗೈತೆ ಕಣ್ರೀ!”

ಸುಬ್ಬರಾಮಯ್ಯನವರು ಉಬ್ಬಿಹೋದರು. ಆಕೆ ಮುಂದೆ ಹೋದ ಮೇಲೆ ನಂಜುಂಡಯ್ಯನವರು ತಿರುಗಿ ನೋಡಿ, “ಭಲೇ! ಆಕೆ ಮುಡಿದ ಗುಲಾಬಿ ನೋಡಿದಿರಾ? ಎಂಥ ಕೆಂಪು! ಈ ಊರಲ್ಲಿ ಯಾರೋ ನಿಜವಾಗಿ ಕೈಗುಣ ಇರೋರು ಬೆಳೆಸಿದ್ದಾರೆ” ಎಂದರು.

ಸುಬ್ಬರಾಮಯ್ಯನವರು ನೋಡಿದರು. ತಮ್ಮದೇ ಬಾವಿಕಟ್ಟೆಯ ಪಕ್ಕದ ಕೆಂಪು.

ಮುಂದೆ ಪೋಸ್ಟ್ ಮಾಸ್ಟರರ ಅತ್ತಿಗೆ ಬಂದರು, ತಲೆಯಲ್ಲಿ ಹಳದಿ. ಆಕೆಯ ಹಿಂದೆ ಇಬ್ಬರು ಸೊಸೆಯರು, ಒಬ್ಬೊಬ್ಬರ ಜಡೆಯಲ್ಲೂ ಬೋಗುಣಿಯಷ್ಟಗಲದ ಡೇರೆ. ಬೀದಿಗೆ ಬೀದಿಯೇ ಅರಳಿ ಎದುರಿಗೆ ನಡೆದು ಬರುತ್ತಿತ್ತು. ನಂಜುಂಡಯ್ಯನವರು ಹೆಜ್ಜೆಗೊಮ್ಮೆ ನಿಂತು ತಲೆದೂಗಿದರು. ಸುಬ್ಬರಾಮಯ್ಯನವರು ಹೆಜ್ಜೆಗೊಮ್ಮೆ ಕುಸಿದರು.

ಮನೆ ತಲುಪಿದರೆ ಹಿತ್ತಿಲಲ್ಲಿ ಬರೀ ಹಸಿರು. ಅತಿಥಿಗಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಅವರು ಅಡುಗೆಮನೆಗೆ ನುಗ್ಗಿದರು.

“ಏನೇ ಇದು ಅನರ್ಥ!” (ಪಿಸುಮಾತಿನಲ್ಲೇ ಗರ್ಜಿಸುವ ಕಲೆ ಗಂಡಂದಿರಿಗೆ ಮಾತ್ರ ಸಿದ್ಧಿಸಿದ್ದು.)

“ನೀವೇ ತಾನೇ ಬರಿಗೈಲಿ ಕಳಿಸಬೇಡ ಅಂದದ್ದು? ಮುತ್ತೈದೆಯರು ಹೊಸ್ತಿಲು ದಾಟಿ ಒಳಗೆ ಬಂದರೆ ಅರಿಶಿನ ಕುಂಕುಮ ಕೊಟ್ಟು, ಹೂ ಕೊಡದೆ ಕಳಿಸೋದೇ? ರಂಗಮ್ಮ ಕಣಕಟ್ಟೆಗೆ ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಹೂವಿಗೆ ನಾನೆಲ್ಲಿಗೆ ಹೋಗಲಿ?”

“ಒಂದನ್ನಾದ್ರೂ ಬಿಡಬಾರದಿತ್ತೇ!”

“ಅಲ್ಲಾ, ಮುಸುರೆ ಪಾತ್ರೆ ಗಲಬರಿಸಿದ ನೀರನ್ನೂ ಚೆಲ್ಲದೆ ಆ ಗಿಡಗಳನ್ನ ಸಾಕಿದೋಳು ನಾನು. ಮದುವೆಯಾಗಿ ಬಂದಾಗಿನಿಂದ ‘ತಗೋ, ಇದನ್ನ ಮುಡ್ಕೋ’ ಅಂತ ಒಂದು ದಿನ ಅಂದಿದ್ದೀರಾ? ಹೂ ಇರೋದು ಯಾತಕ್ಕೆ ಅನ್ನೋದು ಇವತ್ತು ಬಂದ ಹೆಂಗಸರಿಗೆಲ್ಲ ಗೊತ್ತಿತ್ತು.”

ಸುಬ್ಬರಾಮಯ್ಯನವರು ಹೆಂಡತಿಯ ತುರುಬು ನೋಡಿದರು. ಊರಿಗೆಲ್ಲ ಹೂ ಮುಡಿಸಿದವಳ ತಲೆಯಲ್ಲಿ ಒಂದು ದಳವೂ ಇರಲಿಲ್ಲ. ಅವರಿಗೆ ನಿಜವಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಹಿತ್ತಿಲಿನಿಂದ ನಂಜುಂಡಯ್ಯನವರ ಕೂಗು: “ಸ್ವಾಮೀ, ಬನ್ನಿ ಬನ್ನಿ! ಎಲೆ ಮರೆಯಲ್ಲಿ ಒಂದು ಉಳಿದಿದೆ! ಆಹಾ, ಇದನ್ನ ಹೇಗೆ ಬೆಳೆಸಿದಿರಿ ಹೇಳಿ!”

ಜನ್ಮವೆಲ್ಲ ಕಾದಿದ್ದ ‘ಆಹಾ’. ಸುಬ್ಬರಾಮಯ್ಯನವರು ಗಿಡದ ಬಳಿಗೆ ಹೋದರು, ಆ ಹೂವನ್ನು ಚಿವುಟಿದರು, ಬೆಕ್ಕಸಬೆರಗಾದ ಮೇಲ್ವಿಚಾರಕರ ಕಣ್ಣೆದುರೇ ಅಡುಗೆಮನೆಗೆ ತಂದು ಹೆಂಡತಿಯ ಕೈಗಿಟ್ಟರು. “ತಗೋ, ಇದನ್ನ ಮುಡ್ಕೋ.”

ಚೆಲುವಾಂಬರ ಕಣ್ಣು ತುಂಬಿತು. ಒಂದು ಕ್ಷಣ ಹೂ ನೋಡಿದರು, ಒಂದು ಕ್ಷಣ ಗಂಡನನ್ನು ನೋಡಿದರು. ಆಮೇಲೆ, “ಮನೆಗೆ ಬಂದ ಮುತ್ತೈದೆ ಬರೀ ತಲೇಲಿದ್ದಾರೆ, ನಾನು ಮುಡಿಯೋದೇ? ಚೆನ್ನಾಗಿದೆ!” ಎಂದು ಹಿತ್ತಿಲಿಗೆ ಹೋಗಿ ಕಾಂತಮ್ಮನವರ ಜಡೆಗೆ ಸಿಕ್ಕಿಸಿಬಿಟ್ಟರು. ಗುಲಾಬಿ ಬಸ್ಸು ಹತ್ತಿ ಹಳೇಬೀಡಿಗೆ ಹೋಯಿತು.

ಸುಬ್ಬರಾಮಯ್ಯನವರು ಹಟ ಹಿಡಿದರು. ಎರಡು ದಿನ ಬಿಟ್ಟು ಒಂದು ಮೊಗ್ಗು ಬಿರಿಯಿತು. ಅತಿಥಿ ಎಂಬ ಪ್ರಾಣಿ ಹೊಸ್ತಿಲು ತುಳಿಯುವ ಮೊದಲೇ ಕೆಲಸ ಮುಗಿಯಬೇಕು. ಬೆಳಗ್ಗೆ ಹೆಂಡತಿ ಬಾಗಿಲಲ್ಲಿ ಬಗ್ಗಿ ರಂಗೋಲಿ ಬಿಡುತ್ತಿರುವಾಗ ಹಿಂದಿನಿಂದ ಕಳ್ಳಹೆಜ್ಜೆಯಲ್ಲಿ ಹೋಗಿ ತುರುಬಿಗೆ ಹೂ ಚುಚ್ಚಿದರು. ಮುಳ್ಳು ಬಿಡಿಸಬೇಕೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಚೆಲುವಾಂಬ ಕಿಟಾರನೆ ಕಿರಿಚಿಕೊಂಡರು. ಎದುರುಮನೆ ಬಾಗಿಲು ತೆರೆಯಿತು, ಪಕ್ಕದ ಮನೆಯದೂ ತೆರೆಯಿತು. ಬೀದಿಯ ನಡುವೆ, ಹಾಡಹಗಲಲ್ಲಿ, ತಾಲ್ಲೂಕಿನ ಶಿರಸ್ತೇದಾರರು ಹೆಂಡತಿಯ ತುರುಬು ಹಿಡಿದು ನಿಂತಿದ್ದರು.

“ನಮ್ಮೋರೂ ಅವ್ರೆ, ಕೊಬ್ಬರಿ ಮೂಟೆ ಬಿಟ್ಟು ಬ್ಯಾರೆ ಏನೂ ಹಿಡ್ದಿಲ್ಲ!” ಎಂದು ಕೂಗಿದರು ಶಿವಗಂಗಮ್ಮ.

ಅಂದು ಸಂಜೆಯವರೆಗೂ ಜನ ಬಂದರು. ಒಬ್ಬರೂ ತೋಟದ ಕಡೆ ತಿರುಗಿ ನೋಡಲಿಲ್ಲ. ಚೆಲುವಾಂಬ ನಡುಮನೆಯಲ್ಲಿ ಚಾಪೆಯ ಮೇಲೆ ಬೆನ್ನು ತಿರುಗಿಸಿ ಕೂತು ಎಲ್ಲರಿಗೂ ಹೂ ತೋರಿಸಿದರು. ಕಚೇರಿಗೆ ರಜೆ ಹಾಕಿದ್ದ ಸುಬ್ಬರಾಮಯ್ಯನವರು ಬಂದವರಿಗೆಲ್ಲ ಕಾಫಿ ಬೆರೆಸಿ ಕೊಟ್ಟರು.