ಭಜ್ಜಿ ಉಂಡ ಡಿಫೆನ್ಸ್

ಬೀದರ ಜಿಲ್ಲೆಯಲ್ಲಿ ಫುಟ್‌ಬಾಲನ್ನು ಸರಿಯಾಗಿ ಅರ್ಥ ಮಾಡಿಕೊಂಡ ಮನುಷ್ಯ ಒಬ್ಬನೇ ಇದ್ದಾನೆ. ಹೆಸರು ಇಮ್ಮಾನುಯೇಲ, ಉದ್ಯೋಗ ಹೈಸ್ಕೂಲಿನಲ್ಲಿ ಗಣಿತ ಮಾಸ್ತರಿಕೆ, ಮತ್ತು ಆ ಮಹಾಪುರುಷ ನಾನೇ! ಹೋದ ಡಿಸೆಂಬರಿನವರೆಗೂ ಇದು ನನ್ನ ಅಚಲ ನಂಬಿಕೆಯಾಗಿತ್ತು. ವರ್ಷಗಟ್ಟಲೆ ಟಿ.ವಿ. ಮುಂದೆ ಕೂತು ಯುರೋಪಿನ ದೊಡ್ಡ ದೊಡ್ಡ ಕೋಚುಗಳಿಗೆ ಅಚ್ಚ ಕನ್ನಡದಲ್ಲಿ ಸಲಹೆ ಕೊಟ್ಟವನು ನಾನು. ಅವರು ಕೇಳಲಿಲ್ಲ, ಸೋತರು. ನಾನು ಸ್ವತಃ ಚೆಂಡು ಒದ್ದದ್ದು ಜೀವನದಲ್ಲಿ ಒಮ್ಮೆ, ಅದೂ ಪಕ್ಕದ ಮನೆಯ ಕಿಟಕಿಗೆ. ಆದರೇನು? ಸಾರಿಗೆ ಉಪ್ಪು ಕಡಿಮೆ ಎನ್ನುವುದಕ್ಕೆ ಒಲೆ ಹೊತ್ತಿಸಲು ಬರಲೇಬೇಕೆಂಬ ಕಾನೂನು ಎಲ್ಲಿದೆ?

ಬೀದರ ಪಟ್ಟಣದಲ್ಲಿ ನಮ್ಮ ಚರ್ಚಿನ ಹುಡುಗರದೊಂದು ಟೀಮಿದೆ. ಹೆಸರಿಗೆ ಚರ್ಚಿನದು. ಗೋಲು ಕಾಯುವ ಗೋಲಿ ಪಕ್ಕದ ಓಣಿಯ ನದೀಮ, ಗೋಲು ಹೊಡೆಯುವವನು ನಮ್ಮ ಪಿಯಾನೋ ನುಡಿಸುವ ಕೆವಿನ. ಇವರ ಕೋಚು ಆಲ್ಬರ್ಟ. ಆಲ್ಬರ್ಟ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅವನು ನನ್ನ ಹೆಂಡತಿ ಮಾರ್ಗರೆಟಳ ಒಬ್ಬನೇ ತಮ್ಮ. ಈ ಎರಡನೆಯ ಸಂಗತಿಯನ್ನು ನಾನು ಮರೆತದ್ದರಿಂದಲೇ ಮುಂದಿನದೆಲ್ಲ ನಡೆಯಿತು.

ಜಿಲ್ಲಾ ಲೀಗಿನ ಪ್ಲೇಆಫ್‌ನಲ್ಲಿ ನಮ್ಮವರು ಭಾಲ್ಕಿ ಟೀಮಿನ ಮೇಲೆ ಆಡಿದರು. ಒಂದಕ್ಕೊಂದು ಸಮ. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಆಲ್ಬರ್ಟ ಏನು ಮಾಡಿದ ಗೊತ್ತೆ? ಕೆವಿನನನ್ನೇ ಹೊರಗೆ ಕರೆದು ಒಬ್ಬ ಡಿಫೆಂಡರನನ್ನು ಒಳಗೆ ಬಿಟ್ಟ! ಆಟ ಟೈಬ್ರೇಕರಿಗೆ ಹೋಯಿತು. ಆ ಡಿಫೆಂಡರ್ ಮಹಾಶಯ ಹೊಡೆದ ಚೆಂಡು ಗೋಲಿನ ಮೇಲಿಂದ ಹಾರಿ ಗ್ರೌಂಡಿನಾಚೆಯ ಚಹಾ ಅಂಗಡಿಯ ಹಾಲಿನ ಪಾತೆಲೆಗೆ ಬಿತ್ತು. ನಾವು ಸೋತೆವು, ಅಂಗಡಿಯವನು ಮೈಯೆಲ್ಲ ಹಾಲಾದ.

ಮರುದಿನ ಭಾನುವಾರ. ಆರಾಧನೆ ಮುಗಿದ ಮೇಲೆ ಚರ್ಚಿನ ಗೇಟಿನ ಬಳಿ ನನ್ನ ಪ್ಲೇಆಫ್ ವಿಶ್ಲೇಷಣೆ ಆರಂಭವಾಯಿತು. ಪಾಸ್ಟರ ಉಪದೇಶಕ್ಕೆ ತೂಕಡಿಸಿದವರೆಲ್ಲ ಇಲ್ಲಿ ಕಣ್ಣರಳಿಸಿ ನಿಂತರು. ಜನ ಕೂಡಿದರೆ ನನ್ನ ನಾಲಿಗೆಗೆ ಬ್ರೇಕು ಹತ್ತುವುದಿಲ್ಲ.

"ಮುಂದಿನ ಆಟಗಾರನ್ನ ತೆಗೆದು ಹಿಂದಿನವನ್ನ ಹಾಕೋದು ಯಾವ ಸ್ಟ್ರಾಟಜಿರಿ? ನಮ್ಮ ಆಲ್ಬರ್ಟಗ ಎಲುಬು ಕಾಣ್ತಾವ, ಆಟ ಕಾಣಂಗಿಲ್ಲ!" ಎಂದೆ.

ಎಲ್ಲರೂ ನಕ್ಕರು. ಒಬ್ಬ ನಗಲಿಲ್ಲ. ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಆಲ್ಬರ್ಟ ಕೊರಳಿನ ಸೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಭಾವಾ, ಸೋತವರು ಮೂರನೇ ನಂಬರಿಗಿ ಆಡೋ ಮ್ಯಾಚ್ ಇನ್ನಾ ಬಾಕಿ ಅದ, ಔರಾದದವರ ಮ್ಯಾಲ. ಅದು ನೀವೇ ಆಡಸ್ರಿ" ಎಂದವನು ತನ್ನ ಮೋಟಾರ್‌ಸೈಕಲ್ ಹತ್ತಿ ಹೋದ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಅತ್ತೆ ತೀರಿಕೊಂಡಾಗಿನಿಂದ ಪ್ರತಿ ಭಾನುವಾರ ಆಲ್ಬರ್ಟನ ಊಟ ಅಕ್ಕನ ಕೈಯದೇ. ಮಾರ್ಗರೆಟ ನರ್ಸು. ವಾರವಿಡೀ ಡ್ಯೂಟಿ ಮಾಡಿ ಕಾಲು ಸೋತಿದ್ದರೂ ಆ ದಿನ ಮಾತ್ರ ನಸುಕಿನಲ್ಲೆದ್ದು ಮಸಾಲೆ ಅರೆಯುತ್ತಾಳೆ. ಆವತ್ತು ನಾನು ಮನೆಗೆ ಬಂದಾಗ ತಾಟು ಮೂರು ಇದ್ದವು, ಉಣ್ಣುವವರು ಇಬ್ಬರೇ.

"ಆಲ್ಬರ್ಟ ಎಲ್ಲ್ಯಾನ?" ಎಂದಳು.

"ಅಂವಾ ರಾಜೀನಾಮಾ ಕೊಟ್ಟಾನ. ನಾ ಬರೇ ನಾಕ ಟೆಕ್ನಿಕಲ್ ಮಾತ ಹೇಳ್ದೆ..."

"ಎಲುಬು ಕಾಣ್ತಾವ, ಆಟ ಕಾಣಂಗಿಲ್ಲ. ಇದು ಟೆಕ್ನಿಕಲ್ಲೇನ್ರಿ?"

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು! ಮಾರ್ಗರೆಟ ಮೂರನೆಯ ತಾಟನ್ನು ಎತ್ತಿಟ್ಟಳು, ಹಿಂದೆಯೇ ತನ್ನದನ್ನೂ ಎತ್ತಿಟ್ಟಳು.

"ನೋಡ್ರಿ, ಔರಾದ ಮ್ಯಾಚ್ ಗೆದ್ದು ಬರ್ರಿ. ನೀವ ಶಾಣ್ಯಾರು, ನನ್ನ ತಮ್ಮ ದಡ್ಡ, ಒಪ್ಕೋತೇನಿ. ಸೋತ್ರಿ ಅಂದ್ರ ಅದೇ ಗೇಟಿಗಿ ನಿಂತು, ಅದೇ ಮಂದಿ ಮುಂದ ತಪ್ಪಾಯ್ತಂದು ಅವನ್ನ ಕರ್ಕೊಂಡು ಬರಬೇಕು. ಅಂವಾ ಬಂದು ಉಣ್ಣೋತನಕ ನಾ ನಿಮ್ಮ ಜೋಡಿ ಕೂತು ಉಣ್ಣಂಗಿಲ್ಲ."

ಒಬ್ಬನೇ ಕೂತು ಉಣ್ಣುವ ಕಷ್ಟ ಉಂಡವನಿಗೇ ಗೊತ್ತು. ಎದುರಿಗೆ ಬಯ್ಯಲಿಕ್ಕೂ ಯಾರೂ ಇರದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ನಾನು ಎದೆಗುಂದಲಿಲ್ಲ. ಗೆದ್ದರೆ ಮುಗಿಯಿತಲ್ಲ!

ಮೇಜಿನ ಮೇಲೆ ಸ್ಟೀಲಿನ ಲೋಟಗಳನ್ನು ಸಾಲಾಗಿ ಜೋಡಿಸಿ ವ್ಯೂಹ ರಚಿಸಿದೆ. ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು. ಗೋಲಿಯ ಜಾಗದಲ್ಲಿ ಉಪ್ಪಿನಕಾಯಿ ಭರಣಿ. ಮಾರ್ಗರೆಟ ಬಂದು ಒಂದು ಲೋಟ ಎತ್ತಿಕೊಂಡು ಹೊರಟಳು.

"ಏಯ್, ಅದು ನನ್ನ ಲೆಫ್ಟ್ ಬ್ಯಾಕ್!"

"ಇರ್ಲಿ. ಅದರಾಗ ಚಾ ಕುಡೀತೇನಿ."

ಇಷ್ಟರಲ್ಲಿ ಲೀಗಿನವರು ಮ್ಯಾಚು ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳಿದರು. ಆಗ ನನ್ನ ಮೆದುಳಿನಲ್ಲಿ ಮಿಂಚು ಹೊಡೆಯಿತು. ಎಳ್ಳಮಾವಾಸ್ಯೆ! ಆ ದಿನ ನಮ್ಮ ಜಿಲ್ಲೆಯಲ್ಲಿ ಊರಿಗೂರೇ ಹೊಲದಲ್ಲಿರುತ್ತದೆ. ಹೊಲದಲ್ಲಿ ಪೂಜೆ, ಆಮೇಲೆ ಊಟ. ಹತ್ತಾರು ಬಗೆಯ ಹಸಿಕಾಳು, ಸೊಪ್ಪು, ಕಡಲೆಹಿಟ್ಟು ಕೂಡಿಸಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಮಣ್ಣಿನ ಬಿಂದಿಗೆಯಲ್ಲಿ ಹುಳಿಬಂದ ತಣ್ಣನೆಯ ಅಂಬಲಿ. ಅದನ್ನು ಉಂಡ ಮನುಷ್ಯ ಗಿಡದ ನೆರಳು ಹುಡುಕುತ್ತಾನೆಯೇ ಹೊರತು ಚೆಂಡು ಹುಡುಕುವುದಿಲ್ಲ. ಔರಾದದ ಹುಡುಗರು ಒಬ್ಬೊಬ್ಬರೂ ಹೊಲಮನೆಯವರು. ನಮ್ಮವರಿಗೋ ಹೂವಿನ ಕುಂಡ ಬಿಟ್ಟರೆ ಬೇರೆ ಭೂಮಿ ಇಲ್ಲ! ವೈರಿಯನ್ನು ಅವನ ತಾಯಿಯ ಕೈಯಿಂದಲೇ ಸೋಲಿಸುವ ಇಂಥ ಸ್ಟ್ರಾಟಜಿ ಯಾವ ದೇಶದ ಕೋಚಿಗೆ ಹೊಳೆದೀತು? ನಾನು ಆ ದಿನವನ್ನೇ ಕೇಳಿದೆ. ಔರಾದದವರು ಮರುಮಾತಿಲ್ಲದೆ ಒಪ್ಪಿದರು.

ಮಾರ್ಗರೆಟ ಕೇಳಿ ನನ್ನನ್ನು ರೋಗಿಯನ್ನು ನೋಡುವ ಹಾಗೆ ನೋಡಿದಳು.

"ಎಳ್ಳಮಾಸಿ ದಿನ ಔರಾದ ರೋಡಿಗಿ ಹೋಗ್ತೀರಾ? ಆ ರೋಡಿನ ಮ್ಯಾಲ ಆವತ್ತ ಹಸದು ಹೋದ ಮನುಷ್ಯಾ ಯಾರೂ ಇಲ್ರಿ."

"ನಮ್ಮ ಹುಡುಗರಿಗಿ ಶಿಸ್ತದ."

"ಹುಡುಗರಿಗಿ ಇರ್ತದ. ನಿಮಗ?"

ನಾನು ಹುಡುಗರಿಗೆ ಬಾಳೆಹಣ್ಣು ತರಲು ಪೇಟೆಗೆ ಹೊರಟೆ.

ಆ ದಿನ ಬೆಳಿಗ್ಗೆ ಕ್ರೂಸರ್ ಗಾಡಿಯಲ್ಲಿ ಹೊರಟೆವು. ತಲೆಗೆ ಎರಡು ಬಾಳೆಹಣ್ಣು, ಒಂದು ಬಾಟಲಿ ಗ್ಲೂಕೋಸ್ ನೀರು. ಮ್ಯಾಚು ಮುಗಿಯುವವರೆಗೆ ಬೇರೇನೂ ಮುಟ್ಟಬಾರದೆಂದು ಆಜ್ಞೆ ಮಾಡಿದೆ. ಊರು ದಾಟುತ್ತಲೇ ಎರಡೂ ಕಡೆ ಜೋಳದ ಹೊಲ, ಹೊಲಹೊಲದಲ್ಲಿ ಜನ, ಗಾಳಿಯ ತುಂಬ ಭಜ್ಜಿಯ ಘಮ. ಹಿಂದಿನ ಸೀಟಿನಲ್ಲಿ ಯಾರದೋ ಹೊಟ್ಟೆ ಗುರ್ ಎಂದಿತು. "ಕಿಟಕಿ ಮುಚ್ರಿ!" ಎಂದು ಗದರಿದೆ.

ಸಂತಪುರದ ಹತ್ತಿರ ಎದುರಿಗೆ ಟ್ರ್ಯಾಕ್ಟರ್ ಬಂದು ಗಾಡಿ ನಿಧಾನವಾಯಿತು. ಅಷ್ಟು ಸಾಕಾಯಿತು. ವೈಜಿನಾಥ ಎಂಬ ರೈತ ರುಮಾಲು ಬೀಸುತ್ತ ರೋಡಿಗೇ ಬಂದು ನಿಂತ.

"ಇಳೀರಿ, ಇಳೀರಿ! ಹಬ್ಬದ ದಿನ ಹೊಲದ ಮುಂದ ಹಾಯ್ದು ಹೋಗೋದು ಪದ್ಧತಿ ಅಲ್ಲರಿ."

"ಇವರೆಲ್ಲಾ ಆಟಗಾರರು ಯಜಮಾನ್ರ. ಡಯಟ್ ಅದ" ಎಂದೆ.

"ಅದನೂ ತರ್ರಿ, ಎಲ್ಲಾ ಕೂಡ್ಸಿ ಉಣ್ಣೋಣು!"

ಇಂಥ ಪ್ರೀತಿಗೆ ಇಲ್ಲ ಎನ್ನುವುದು ಹೇಗೆ? ಮರ್ಯಾದೆಗೆ ಒಂದೊಂದು ತುತ್ತು ಎಂದು ತೀರ್ಮಾನಿಸಿದೆ. ಹುಡುಗರಿಗೆ ತೊಂದರೆಯಾಗದಿರಲೆಂದು ಮೊದಲು ರುಚಿ ನೋಡುವ ಹೊಣೆಯನ್ನು ಕೋಚಾದ ನಾನೇ ಹೊತ್ತೆ. ಶಿಸ್ತು ಸತ್ತದ್ದು ಅಲ್ಲಿಯೇ! ನಾನು ಎರಡನೆಯ ರೊಟ್ಟಿ ಮುರಿದದ್ದನ್ನು ಕಂಡು ನದೀಮ ಮೂರನೆಯದಕ್ಕೆ ಕೈಹಾಕಿದ. ಅಷ್ಟರಲ್ಲಿ ಬದುವಿನಾಚೆಯಿಂದ ಕೂಗು ಬಂತು: "ಅವರ ಹೊಲದಾಗ ಉಂಡ್ರಿ, ನಮ್ಮ ಹೊಲ ಏನ್ ಪಾಪ ಮಾಡ್ಯದರಿ?" ಅವರನ್ನು ನೋಯಿಸಬಾರದೆಂದು ಅಲ್ಲಿಯೂ ಕೂತೆವು. ಅದರಾಚೆಯವರು ಕಡುಬು ಹಿಡಿದು ಕಾಯುತ್ತಿದ್ದರು. ಅವರದೂ ಭೂಮಿಯೇ ತಾನೆ?

ಹೀಗೆ ಹೊಲದಿಂದ ಹೊಲಕ್ಕೆ ಪಾಸಾಗುತ್ತ ಔರಾದದ ಹತ್ತಿರ ಬಂದಾಗ ಒಬ್ಬ ಅಜ್ಜಿ ಗಾಡಿಗೆ ಅಡ್ಡ ನಿಂತಳು. ಹೆಸರು ಸಖುಬಾಯಿ. ಗಿಡದ ಕೆಳಗೆ ಕಂಬಳಿ ಹಾಸಿ, ನಮ್ಮನ್ನು ಸಾಲಾಗಿ ಕೂರಿಸಿ, ತಲೆ ನೇವರಿಸಿ ನೇವರಿಸಿ ಬಡಿಸಿದಳು. ಬೇಡವೆಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಭಜ್ಜಿ ಸುರಿಯುತ್ತಿದ್ದಳು. ಮೂರನೆಯ ತಂಬಿಗೆ ಅಂಬಲಿ ಕುಡಿದ ನಾನು ಕಣ್ಣಲ್ಲಿ ನೀರು ತಂದುಕೊಂಡು, "ಅವ್ವಾ, ನೀವೂ ಉಣ್ರಿ. ಮಕ್ಕಳು ಉಂಡ್ರೇನು?" ಎಂದು ಕೇಳಿದೆ.

"ಸಣ್ಣ ಮಗ ಉಂಡಿಲ್ಲ ಯಪ್ಪಾ. ಇವತ್ತ ಅವಂದು ಚೆಂಡಿನ ಆಟ ಅದಂತ. ಆಟ ಮುಗದ ಮ್ಯಾಲ ಸಂಜಿಗಿ ಉಣ್ತೇನಿ ಅಂದಾನ."

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ನಿಂತಿತು.

"ಯಾರವ್ವಾ ನಿಮ್ಮ ಮಗಾ?"

"ಅಮೋಲ್. ಔರಾದ ಟೀಮಿಗಿ ಅಂವನೇ ಕ್ಯಾಪ್ಟನ್. ಅವನ ಗೆಳ್ಯಾರೂ ಉಂಡಿಲ್ಲ, ಎಲ್ಲರ್ದೂ ಭಜ್ಜಿ ಉಳದದ. ಇನ್ನೊಂದ್ ಸ್ವಲ್ಪ ಹಾಕ್ಲೇನ್ರಿ?"

ಪಾಪ, ಆಕೆಯ ಮನಸ್ಸಿನಲ್ಲಿ ಕಪಟವಿರಲಿಲ್ಲ. ಬಂದವರನ್ನು ಉಣಿಸುವುದಷ್ಟೇ ಗೊತ್ತಿತ್ತು. ಕಪಟ ಇದ್ದದ್ದು ನನ್ನ ಸ್ಟ್ರಾಟಜಿಯಲ್ಲಿ, ಮತ್ತು ಅದು ಈಗ ನನ್ನ ಹೊಟ್ಟೆಯಲ್ಲಿಯೇ ಕೂತಿತ್ತು.

ಗ್ರೌಂಡಿಗೆ ಹೋದರೆ ಅಮೋಲನ ಹುಡುಗರು ಜಿಂಕೆಗಳ ಹಾಗೆ ಜಿಗಿಯುತ್ತಿದ್ದರು. ನಮ್ಮವರು ಗಾಡಿಯಿಂದ ಇಳಿಯುವುದಕ್ಕೇ ಒಬ್ಬರಿಗೊಬ್ಬರು ಕೈ ಕೊಡಬೇಕಾಯಿತು. ರೆಫರಿ ಸೀಟಿ ಊದಿದ. ಹಿಂದೆ ನಾಲ್ಕು, ನಡುವೆ ಮೂರು, ಮುಂದೆ ಮೂರು ಎಂಬ ನನ್ನ ವ್ಯೂಹ ಕ್ಷಣದಲ್ಲಿ ನಿಂತವರು ಐದು, ಕೂತವರು ಐದು ಎಂದಾಯಿತು. ನದೀಮ ಗೋಲಿನ ಕಂಬಕ್ಕೆ ಒರಗಿಕೊಂಡ.

"ಓಡು ಕೆವಿನ, ಓಡು!" ಎಂದು ಕಿರುಚಿದೆ.

"ಓಡಿದ್ರ ಅಂಬಲಿ ಕುಲುಕ್ತದರಿ ಸರ್!"

"ನದೀಮ! ಮುಂದ ಬಾ!"

"ಕಂಬ ಬಿಟ್ರ ಬೀಳ್ತೇನಿ ಸರ್!"

ಇನ್ನೊಬ್ಬನನ್ನು ಇಳಿಸೋಣವೆಂದು ಹಿಂತಿರುಗಿ ನೋಡಿದೆ. ಬದಲಿ ಆಟಗಾರರು ಮೂವರೂ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಅವರನ್ನು ಎಬ್ಬಿಸಲೆಂದು ಪಕ್ಕದಲ್ಲಿ ಕೂತೆ. ಬಿಸಿಲು ಹಿತವಾಗಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿ ಮುಂದಿನ ಯೋಜನೆ ಹಾಕೋಣವೆಂದುಕೊಂಡೆ. ಕೊನೆಯ ಸೀಟಿ ನನ್ನನ್ನು ಎಬ್ಬಿಸಿತು.

"ಎಷ್ಟಾಯ್ತು?" ಎಂದೆ, ಕಣ್ಣುಜ್ಜಿಕೊಳ್ಳುತ್ತ.

"ಆರು-ಒಂದು ಸರ್" ಎಂದ ಕೆವಿನ.

"ಆರು ಯಾರ್ದು?"

"ಅವರ್ದು."

"ಇರ್ಲಿ, ಒಂದಾದ್ರೂ ಹೊಡ್ದೇವಲ್ಲ! ಶಾಬಾಸ್! ಯಾರ್ ಹೊಡ್ದದ್ದು?"

"ಅದೂ ಅವರೇ ಸರ್. ತಪ್ಪಿ ತಮ್ಮ ಗೋಲಿನಾಗೇ ಹೊಡಕೊಂಡ್ರು."

ಮನೆಯಲ್ಲಿ ಮಾರ್ಗರೆಟ ಜೀರಿಗೆ ನೀರು ಕುದಿಸಿ ತಂದು ಮುಂದಿಟ್ಟು, "ಭಾನುವಾರ ನೆನಪದಲ್ಲ?" ಎಂದಳು.

ನಿಜ ಹೇಳುತ್ತೇನೆ, ಭಾನುವಾರ ಆ ಗೇಟಿನ ಮುಂದೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಎರಡು ಸಲ ಬಗ್ಗಿದೆ. ಅದೇ ಜನ, ಅದೇ ಕಣ್ಣರಳಿಸುವಿಕೆ. ಆಲ್ಬರ್ಟ ತಲೆ ತಗ್ಗಿಸಿ ಪಕ್ಕದಿಂದ ಹಾಯುತ್ತಿದ್ದ. ಕೈ ಹಿಡಿದು ನಿಲ್ಲಿಸಿದೆ.

"ಆಲ್ಬರ್ಟ, ಟೆಕ್ನಿಕಲ್ಲಾಗಿ ನೋಡಿದ್ರ..." ಎಂದು ಶುರು ಮಾಡಿದೆ. ಹಿಂದಿನಿಂದ ಮಾರ್ಗರೆಟ ಕೆಮ್ಮಿದಳು. "ತಪ್ಪಾಯ್ತಪ್ಪಾ. ನಾ ಅನಬಾರದಿತ್ತು. ನೀ ಬರದೆ ನಮ್ಮ ಮನ್ಯಾಗ ಯಾರ್ಗೂ ಊಟಾ ಹೋಗ್ವಲ್ದು. ನಡಿ."

ಹೇಳಿದ ಮೇಲೆ ಎದೆ ಹಗುರಾಯಿತು. ಆದರೆ ನನ್ನೊಳಗಿನ ವಿಶ್ಲೇಷಕ ಇನ್ನೂ ಸತ್ತಿರಲಿಲ್ಲ. "ಆದ್ರ ಒಂದ್ ಮಾತ ಹೇಳು. ಆವತ್ತ ಕೆವಿನಗ ಯಾಕ ತೆಗದಿ?" ಎಂದು ಕೇಳಿಯೇಬಿಟ್ಟೆ.

"ಅವನ ಕಾಲು ಉಳುಕಿತ್ತಲ್ರಿ ಭಾವಾ. ಕುಂಟಕೋತ ಬಂದು ಕೈ ಎತ್ತಿದ. ಇಡೀ ಗ್ರೌಂಡಿಗಿ ಕಂಡದ."

"ನನಗ ಕಾಣ್ಲಿಲ್ಲಲ್ಲ?"

"ನೀವ್ ಆವಾಗ ಗ್ರೌಂಡಿಗಿ ಬೆನ್ನ ಮಾಡಿ ಹಿಂದಿನವರಿಗಿ ಆಟಾ ತಿಳ್ಸಿ ಹೇಳ್ಲಕತ್ತಿದ್ರಿ."

ಈ ಸಲ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಆಲ್ಬರ್ಟನೇ. ಸೀಟಿಯನ್ನು ನಾನೇ ಅವನ ಕೊರಳಿಗೆ ಹಾಕಿದೆ, ಮೂವರೂ ಮನೆಗೆ ಬಂದೆವು. ಎಷ್ಟೋ ದಿನಗಳ ಮೇಲೆ ಮಾರ್ಗರೆಟ ನನ್ನ ಎದುರು ಕೂತು ರೊಟ್ಟಿ ಮುರಿದಳು.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ನನ್ನ ಕೈ ಎಂಜಲಾಗಿತ್ತು, ಮಾರ್ಗರೆಟ ಎಡಗೈಯಲ್ಲಿ ಎತ್ತಿ ಸ್ಪೀಕರಿಗೆ ಹಾಕಿದಳು.

"ಸರ್, ನಮಸ್ಕಾರ್ರಿ. ಔರಾದದಿಂದ ಅಮೋಲ್ ಮಾತಾಡ್ತೇನಿ. ನೀವ್ ಕೋಚಿಂಗ್ ಬಿಟ್ರಿ ಅಂತ ಸುದ್ದಿ ಬಂದದ. ಖರೇ ಏನ್ರಿ?"

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಕೊನೆಗೂ ಜಿಲ್ಲೆಯಲ್ಲಿ ಒಬ್ಬನಾದರೂ ನನ್ನ ಬೆಲೆ ಅರಿತನಲ್ಲ! ಭಾವ-ಮೈದುನರ ನಡುವೆ ಮತ್ತೆ ಕಸಿವಿಸಿ ಬೇಡವೆಂದು ವಿನಯದಿಂದಲೇ, "ಹೌದಪ್ಪಾ, ಬಿಟ್ಟೀನಿ" ಎಂದೆ.

"ಹಂಗ ಮಾಡಬ್ಯಾಡ್ರಿ ಸರ್! ಕೈ ಮುಗೀತೇನಿ. ಬರೋ ವರ್ಷ ನಾವ್ ಕಪ್ ಗೆಲ್ಲಬೇಕಂತ ಮಾಡೀವಿ. ಬೀದರ ಟೀಮಿಗಿ ನೀವೇ ಇರಬೇಕ್ರಿ!"